ಕೆಳಗಿನ ಅರ್ಧ ಪರದೆ

ಹಳೆಯ ವಿಡಿಯೋ ಗೇಮುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಮ್ಮ ಬಾಲ್ಯದಿಂದ ಶುರು ಮಾಡುತ್ತಾರೆ. ನನಗೆ ಆ ಅನುಕೂಲವಿಲ್ಲ. 1992ರ ಆಗಸ್ಟ್‌ನಲ್ಲಿ ‘ಸೂಪರ್ ಮಾರಿಯೋ ಕಾರ್ಟ್’ ಜಪಾನಿನಲ್ಲಿ ಬಿಡುಗಡೆಯಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಅದನ್ನು ಮೊದಲು ಆಡಿದ್ದು ಪಿಎಚ್.ಡಿ.ಯ ಎರಡನೇ ವರ್ಷದಲ್ಲಿ, ರಜೆಗೆಂದು ಊರಿಗೆ ಬಂದ ಅಣ್ಣ ತನ್ನ ನಿಂಟೆಂಡೊ ಸ್ವಿಚ್ಚನ್ನು ಮನೆಯ ಟಿವಿಗೆ ಜೋಡಿಸಿದಾಗ. ಆದರೂ ಈ ಆಟವನ್ನು ನೆನೆದಾಗಲೆಲ್ಲ ಏನನ್ನೋ ಕಳೆದುಕೊಂಡ ಭಾವ ಬರುತ್ತದೆ. ನನ್ನದೇ ಅಲ್ಲದ ಕಾಲದ ಬಗ್ಗೆ ಈ ಹಂಬಲವೇಕೆ? ಉತ್ತರ ಆಟದ ರೂಪದಲ್ಲೇ ಇದೆ ಅನ್ನಿಸುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಪರದೆ. ಅದು ಯಾವಾಗಲೂ ಅಡ್ಡಕ್ಕೆ ಎರಡಾಗಿ ಸೀಳಿರುತ್ತದೆ. ಇಬ್ಬರು ಆಡಿದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಧ. ಒಬ್ಬರೇ ಆಡಿದರೂ ಓಟ ನಡೆಯುವುದು ಮೇಲಿನ ಅರ್ಧದಲ್ಲಷ್ಟೇ. ಕೆಳಗೆ ದಾರಿಯ ನಕ್ಷೆ ಇರುತ್ತದೆ, ಇಲ್ಲವೇ ಹಿಂದಿನದನ್ನು ತೋರಿಸುವ ಕನ್ನಡಿ. ಇದಕ್ಕೆ ಕಾರಣ ಆಟದ ಹುಟ್ಟಿನಲ್ಲಿದೆ. 1990ರ ‘ಎಫ್-ಝೀರೋ’ ಒಬ್ಬರೇ ಆಡುವ ಓಟವಾಗಿತ್ತು. ಇಬ್ಬರು ಜೊತೆಯಾಗಿ ಆಡುವ ಓಟವೊಂದನ್ನು ಮಾಡಬೇಕೆಂದು ನಿಂಟೆಂಡೊ ಹೊರಟಿತು. ಎರಡು ನೋಟಗಳನ್ನು ಏಕಕಾಲಕ್ಕೆ ತೋರಿಸುವಾಗ ಉದ್ದನೆಯ ನೇರ ದಾರಿಗಳು, ಆ ಮಟ್ಟದ ವೇಗ ಸಾಧ್ಯವಾಗಲಿಲ್ಲ. ಹಾಗಾಗಿ ದಾರಿಗಳು ಚಿಕ್ಕದಾದವು, ತಿರುವುಗಳು ಹೆಚ್ಚಿದವು, ವಾಹನ ಕಾರ್ಟ್ ಆಯಿತು. ಮಾರಿಯೋ ಬಂದು ಕುಳಿತದ್ದು ಆಮೇಲೆ. ಎಂದರೆ ಜನಪ್ರಿಯ ಪಾತ್ರಕ್ಕಾಗಿ ಹೊಲಿದ ಅಂಗಿಯಲ್ಲ ಇದು. ಜೊತೆಗಾರನಿಗೆ ಜಾಗ ಮಾಡಿಕೊಡಲು ಹೋಗಿ ಹುಟ್ಟಿದ ರೂಪ.

ಹಾಗೆಂದು ಆಟದಲ್ಲಿ ಕೊರತೆಗಳಿಲ್ಲವೆಂದಲ್ಲ. ನೆಲವೆಲ್ಲ ಚಪ್ಪಟೆ: ಒಂದು ಚಿತ್ರವನ್ನು ತಿರುಗಿಸಿ, ಹಿಗ್ಗಿಸಿ ನೆಲದಂತೆ ಕಾಣಿಸುವ ತಂತ್ರವದು, ಏರು ತಗ್ಗುಗಳಿಗೆ ಅಲ್ಲಿ ಅವಕಾಶವಿಲ್ಲ. ಅದಕ್ಕಿಂತ ದೊಡ್ಡ ದೋಷ ನ್ಯಾಯದ್ದು. ನಮಗೆ ಬಾಳೆಹಣ್ಣಿನ ಸಿಪ್ಪೆಯೋ ಆಮೆಚಿಪ್ಪೋ ಸಿಗಬೇಕಾದರೆ ಪ್ರಶ್ನಾರ್ಥಕ ಚಿಹ್ನೆಯ ಚೌಕದ ಮೇಲೆ ಹಾಯಬೇಕು, ಅದೃಷ್ಟವೂ ಕೈಹಿಡಿಯಬೇಕು. ಕಂಪ್ಯೂಟರ್ ನಡೆಸುವ ಎದುರಾಳಿಗಳಿಗೆ ಆ ಕಟ್ಟುಪಾಡಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಅಸ್ತ್ರ, ಅದು ಮುಗಿಯುವುದೇ ಇಲ್ಲ. ಒಂಟಿಯಾಗಿ 150 ಸಿಸಿ ಓಟ ಆಡಿದವರಿಗೆ ಈ ಸಿಟ್ಟು ಗೊತ್ತು. ನಾಲ್ಕನೇ ಸ್ಥಾನದೊಳಗೆ ಬರದಿದ್ದರೆ ಅದೇ ದಾರಿಯಲ್ಲಿ ಮತ್ತೆ ಓಡಬೇಕು.

ಆದರೆ ಪಕ್ಕದಲ್ಲಿ ಇನ್ನೊಬ್ಬರು ಕುಳಿತು, ಇಬ್ಬರೇ ಎದುರುಬದುರಾಗುವ ಬಗೆಗಳನ್ನು ಆರಿಸಿಕೊಂಡ ಕೂಡಲೇ ಇದೇ ಆಟ ನ್ಯಾಯವಂತವಾಗುತ್ತದೆ. ಅದರಲ್ಲೂ ‘ಬ್ಯಾಟಲ್’ ಬಗೆಯಲ್ಲಿ ಓಟವೇ ಇಲ್ಲ. ಇಬ್ಬರಿಗೂ ಮೂರು ಮೂರು ಬಲೂನು, ಸುತ್ತ ಗೋಡೆ ಕಟ್ಟಿದ ಬಯಲು. ಎಲ್ಲ ಬಲೂನು ಒಡೆಸಿಕೊಂಡವರು ಸೋತರು. ಎದುರಾಳಿ ಎಲ್ಲಿದ್ದಾನೆಂದು ತಿಳಿಯಲು ಅವನ ಅರ್ಧ ಪರದೆಯನ್ನೇ ಕದ್ದು ನೋಡಬೇಕು. ನಾನು ನೋಡುತ್ತಿದ್ದೇನೆಂಬುದು ಅವನಿಗೂ ಗೊತ್ತು. ಗೆಲ್ಲಬೇಕಾದರೂ ಇನ್ನೊಬ್ಬರ ಕಣ್ಣಿನಿಂದ ಲೋಕವನ್ನು ನೋಡಲೇಬೇಕಾದ ಈ ಸ್ಥಿತಿಯನ್ನು ಇಷ್ಟು ಸರಳವಾಗಿ ಕಟ್ಟಿದ ಕೃತಿಗಳು ಸಾಹಿತ್ಯದಲ್ಲೂ ಹೆಚ್ಚಿಲ್ಲ.

1996ರ ‘ಮಾರಿಯೋ ಕಾರ್ಟ್ 64’ ಹಲವು ರೀತಿಯಲ್ಲಿ ಇದಕ್ಕಿಂತ ಉತ್ತಮ. ಅಲ್ಲಿ ಬೆಟ್ಟಗಳಿವೆ, ನಾಲ್ವರು ಜೊತೆಯಾಗಿ ಆಡಬಹುದು. ಆದರೆ ಒಬ್ಬರೇ ಆಡುವಾಗ ಇಡೀ ಪರದೆ ಒಬ್ಬರದೇ. ಅದು ಸಹಜ, ಅನುಕೂಲ ಕೂಡ. ಆದರೆ ಬಾರದೇ ಇರುವವರಿಗಾಗಿ ಎತ್ತಿಟ್ಟ ಜಾಗ ಅಲ್ಲಿಗೆ ಇಲ್ಲವಾಯಿತು.

ಅಣ್ಣ ಇದ್ದ ಎರಡು ವಾರ ನಾವು ದಿನವೂ ಆಡಿದೆವು. “ಮೇಲಿನದು ನಿನಗೆ, ಕೆಳಗಿನದು ನನಗೆ,” ಎಂದು ಮೊದಲ ದಿನವೇ ಪಾಲು ಮಾಡಿದ್ದ. ಹತ್ತು ವರ್ಷಗಳಿಂದ ಫೋನಿನಲ್ಲಿ ಹವಾಮಾನ, ಅಮ್ಮನ ಮಾತ್ರೆ ಬಿಟ್ಟರೆ ಬೇರೆ ಮಾತೇ ಇರದ ನಾವಿಬ್ಬರು ಬಾಳೆಹಣ್ಣಿನ ಸಿಪ್ಪೆಗಾಗಿ ಜಗಳವಾಡಿದೆವು. ಹೋಗುವಾಗ ಸ್ವಿಚ್ಚನ್ನು ನನಗೇ ಬಿಟ್ಟುಹೋದ.

ಈಗ ಪ್ರಬಂಧದ ಅಧ್ಯಾಯ ಮುಂದೆ ಹೋಗದ ರಾತ್ರಿಗಳಲ್ಲಿ ಒಬ್ಬನೇ ಆಡುತ್ತೇನೆ. ಕೆಳಗಿನ ಅರ್ಧದಲ್ಲಿ ಕನ್ನಡಿ ಇರುತ್ತದೆ. ನಾನು ದಾಟಿ ಬಂದ ದಾರಿ ಅದರಲ್ಲಿ ಚಿಕ್ಕದಾಗುತ್ತಾ ಹೋಗುತ್ತದೆ. ಹಂಬಲ 1992ರದ್ದಲ್ಲ ಎಂಬುದು ಅಲ್ಲಿ ಕಾಣುತ್ತದೆ.