ಇಲಾಖೆಯ ಹೆಸರು ಗೊತ್ತಿರಬೇಕಿಲ್ಲ

ಬ್ರಿಟನ್ ಸರ್ಕಾರದ ಗವ್.ಯುಕೆ ಜಾಲತಾಣದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ವಿಂಗಡಣೆ. 2012ರ ಅಕ್ಟೋಬರ್‌ನಲ್ಲಿ ಡೈರೆಕ್ಟ್‌ಗವ್, ಬಿಸಿನೆಸ್ ಲಿಂಕ್ ಎಂಬ ಎರಡು ದೊಡ್ಡ ತಾಣಗಳ ಜಾಗಕ್ಕೆ ಬಂದ ಇದು, ಆಮೇಲೆ ಇಲಾಖೆಗಳ ತಾಣಗಳನ್ನೂ ಒಳಗೆ ಸೇರಿಸಿಕೊಂಡಿತು. ಜನನ, ಮರಣ, ಮದುವೆ. ವಾಹನ ಮತ್ತು ಸಾರಿಗೆ. ಪಾಸ್‌ಪೋರ್ಟ್, ಪ್ರಯಾಣ: ಇಲ್ಲಿ ಜನರ ಕೆಲಸಗಳೇ ತಲೆಬರಹ. ಯಾವುದು ಯಾವ ಇಲಾಖೆಗೆ ಸೇರಿದ್ದೆಂದು ತಿಳಿದಿರಬೇಕಾದ್ದು ತಾಣವೇ ಹೊರತು ಬಂದವರಲ್ಲ. ಅಧಿಕಾರ ಜನರಿಗೆ ಕೊಡುವ ನಿಜವಾದ ಮರ್ಯಾದೆ ಇದು.

ಸರ್ಕಾರಿ ರಜೆಗಳ ಪುಟವನ್ನೇ ನೋಡಿ. ಮುಂದಿನ ರಜೆ ಯಾವತ್ತು ಎಂಬುದು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿದೆ. ಜನ ಅಲ್ಲಿಗೆ ಬರುವುದೇ ಅದಕ್ಕೆ ತಾನೇ! ವರ್ಷದ ಪಟ್ಟಿ ಅದರ ಕೆಳಗೆ. ಸ್ಕಾಟ್ಲೆಂಡ್‌ಗೆ, ಉತ್ತರ ಐರ್ಲೆಂಡ್‌ಗೆ ಬೇರೆ ಬೇರೆ ಟ್ಯಾಬ್. ಗೂಗಲ್ ಹಿಡಿದು ನೇರವಾಗಿ ಯಾವುದೋ ಒಳಪುಟಕ್ಕೆ ಬಂದವರಿಗೂ, ತಾವು ಎಲ್ಲಿದ್ದೇವೆ ಎಂಬುದು ಪುಟದ ನೆತ್ತಿಯ ಮೇಲಿನ ಸಣ್ಣ ಸಾಲಿನಿಂದ ತಿಳಿಯುತ್ತದೆ: ಮುಖಪುಟ, ಅದರೊಳಗೆ ವಾಹನ ಮತ್ತು ಸಾರಿಗೆ, ಅದರೊಳಗೆ ಚಾಲನಾ ಪರವಾನಗಿ. ಯಾವ ಮೆಟ್ಟಿಲನ್ನು ಒತ್ತಿದರೂ ಅಲ್ಲಿಗೇ ವಾಪಸ್. 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಈ ತಾಣವನ್ನು ವರ್ಷದ ವಿನ್ಯಾಸವೆಂದು ಆರಿಸಿತು. ಸರಿಯಾದ ಆಯ್ಕೆ.