ಪ್ರಳಯದ ಕಡತ ಮತ್ತು ಕೊನೆಯ ತುತ್ತು

ಲೋಕದ ಅಂತ್ಯ ಸಮೀಪಿಸಿದೆ. ಆದರೂ ಗುಮಾಸ್ತನಿಗೆ ಹಾಜರಿ ಪುಸ್ತಕದಿಂದ ವಿನಾಯಿತಿ ಇಲ್ಲ. ಬ್ರಿಟಿಷ್ ಲೇಖಕ ಚಾರ್ಲ್ಸ್ ಸ್ಟ್ರಾಸ್ ‘ದಿ ಅಟ್ರಾಸಿಟಿ ಆರ್ಕೈವ್ಸ್’ (2004) ಗ್ರಂಥದಿಂದ ಆರಂಭಿಸಿದ ಕಥಾಮಾಲೆಯ ಹಾಸ್ಯವೆಲ್ಲ ಈ ವಿಪರ್ಯಾಸದ ಮೇಲೆ ನಿಂತಿದೆ. ಗಣಿತದ ಕೆಲವು ಲೆಕ್ಕಗಳು ಅನ್ಯಲೋಕದ ಘೋರ ಶಕ್ತಿಗಳಿಗೆ ಬಾಗಿಲು ತೆರೆಯುತ್ತವೆ. ಅವನ್ನು ತಡೆಯಲು ಬ್ರಿಟನ್ನಿನಲ್ಲಿ ಗುಪ್ತ ಸರ್ಕಾರಿ ಕಚೇರಿಯೊಂದಿದೆ ಎಂಬುದು ಅದರ ಕಲ್ಪನೆ. ಬಾಬ್ ಹೊವರ್ಡ್ ಎಂಬ ಕಂಪ್ಯೂಟರ್ ಬಲ್ಲ ಯುವಕ ತಿಳಿಯದೆ ಮಾಡಿದ ಲೆಕ್ಕದಿಂದ ವುಲ್ವರ್‌ಹ್ಯಾಂಪ್ಟನ್ ನಗರವೇ ನಾಶವಾಗುವುದರಲ್ಲಿತ್ತು. ರಹಸ್ಯ ತಿಳಿದವನನ್ನು ಹೊರಗೆ ಬಿಡುವಂತಿಲ್ಲವೆಂದು ಅವನನ್ನು ನೌಕರಿಗೇ ಸೇರಿಸಿಕೊಳ್ಳಲಾಯಿತು!

ಈ ಹಾಸ್ಯದ ಗುಣವನ್ನು ಮೊದಲು ಒಪ್ಪಬೇಕು. ನಾಯಕನು ವೀರನಲ್ಲ, ಸಭೆ, ಟಿಪ್ಪಣಿ, ಮೇಲಧಿಕಾರಿಯ ಆಕ್ಷೇಪಣೆಗಳ ನಡುವೆ ಹೆಸರು ಬಯಸದೆ ಲೋಕವನ್ನು ಕಾಯುವವನು. ವರ್ಷವರ್ಷವೂ ಬಸದಿಯ ಲೆಕ್ಕಪತ್ರವನ್ನು ತಪಾಸಣೆಗೆ ಒಪ್ಪಿಸುವ ಟ್ರಸ್ಟಿನ ಕಾರ್ಯದರ್ಶಿಗೆ ಇಂಥವನ ಕಷ್ಟ ಸುಲಭವಾಗಿ ಅರ್ಥವಾದೀತು.

ಆದರೆ ನಗೆಯ ಮರೆಯಲ್ಲಿ ಏನು ಅಡಗಿದೆ ಎಂಬುದೂ ವಿಚಾರಣೀಯ. ಅದೇ ಗ್ರಂಥದಲ್ಲಿರುವ, 2005ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆದ ‘ದಿ ಕಾಂಕ್ರೀಟ್ ಜಂಗಲ್’ ಎಂಬ ಕಿರುಕಾದಂಬರಿಯನ್ನು ನೋಡಬಹುದು. ಮಿಲ್ಟನ್ ಕೀನ್ಸ್ ನಗರದಲ್ಲಿ 1978ರಲ್ಲಿ ನಿರ್ಮಿತವಾದ ಕಾಂಕ್ರೀಟ್ ಹಸುಗಳ ಶಿಲ್ಪ ನಿಜವಾಗಿಯೂ ಇದೆ. ಕಥೆಯಲ್ಲಿ ಬಾಬ್‌ನನ್ನು ನಿದ್ದೆಯಿಂದೆಬ್ಬಿಸಿ ಆ ಹಸುಗಳನ್ನು ಎಣಿಸಲು ಕಳುಹಿಸುತ್ತಾರೆ. ಎಣಿಕೆಯಲ್ಲಿ ಒಂದು ಹಸು ಹೆಚ್ಚು! ಅದು ಮಾಯೆಯಿಂದ ಕಲ್ಲಾದ ಜೀವಂತ ಹಸು. ಓದುಗನು ನಗುತ್ತಾನೆ, ಕಥೆ ಅಧಿಕಾರಿಗಳ ಒಳಜಗಳದತ್ತ ಸಾಗುತ್ತದೆ. ಪಂಚೇಂದ್ರಿಯ ಜೀವವೊಂದರ ಮರಣ ಕಡತದಲ್ಲಿ ಒಂದು ಸಂಖ್ಯೆಯಾಗಿ ಉಳಿಯುತ್ತದೆ.

ಜನ್ನನ ‘ಯಶೋಧರ ಚರಿತೆ’ (1209) ಇದಕ್ಕೆ ತೀರ ವಿರುದ್ಧವಾದ ದಾರಿಯಲ್ಲಿ ನಡೆಯುತ್ತದೆ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಕೊಲ್ಲುವ ಸಂಕಲ್ಪವೊಂದರಿಂದಲೇ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರಗಳಲ್ಲಿ ಬಳಲುತ್ತಾರೆ. ಒಂದರಲ್ಲಿ ನಿರ್ಜೀವವೂ ಜೀವವೆಂದು ಲೆಕ್ಕಕ್ಕೆ ಬರುತ್ತದೆ. ಇನ್ನೊಂದರಲ್ಲಿ ಜೀವವೇ ನಿರ್ಜೀವದ ಲೆಕ್ಕಕ್ಕೆ ಸೇರುತ್ತದೆ. ಜೈನ ದರ್ಶನದಲ್ಲಿ ಪಾಪಪುಣ್ಯ ಬರೆದಿಡುವ ಚಿತ್ರಗುಪ್ತನಿಲ್ಲ. ಯೋಗದಿಂದ ಆಸ್ರವ, ಕಷಾಯದಿಂದ ಬಂಧ. ನಡುವೆ ಗುಮಾಸ್ತನೇ ಇಲ್ಲದ ಕಾರಣ ಹೊಣೆಯನ್ನು ವರ್ಗಾಯಿಸಲು ಮೇಜೂ ಇಲ್ಲ.

ಯುಗಾಂತ್ಯದಲ್ಲಿ ಕಚೇರಿಯ ಪ್ರವೇಶ ಜೈನ ಪರಂಪರೆಗೆ ಹೊಸದಲ್ಲ. ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ಯ ಪ್ರಕಾರ 21,000 ವರ್ಷಗಳ ದುಷ್ಷಮ ಕಾಲದ ಕೊನೆಗೆ ಜಲಮಂಥನನೆಂಬ ಕಲ್ಕಿ ಆಳುತ್ತಾನೆ. ತನ್ನ ವಶವಾಗದವರು ಯಾರಾದರೂ ಉಳಿದಿದ್ದಾರೆಯೇ ಎಂದು ಅವನು ಮಂತ್ರಿಗಳನ್ನು ಕೇಳುತ್ತಾನೆ. ಏನೂ ಇಲ್ಲದ ಮುನಿಯೊಬ್ಬನಿದ್ದಾನೆಂದು ತಿಳಿದಾಗ, ಅವನ ಆಹಾರದ ಮೊದಲ ತುತ್ತನ್ನೇ ತೆರಿಗೆಯಾಗಿ ವಸೂಲು ಮಾಡಲು ಆಜ್ಞಾಪಿಸುತ್ತಾನೆ. ಇದಕ್ಕಿಂತ ಕ್ರೂರವಾದ ಕಚೇರಿ ಹಾಸ್ಯ ಇನ್ನೊಂದಿರಲಾರದು. ವೀರಾಂಗಜ ಮುನಿ ತುತ್ತನ್ನು ಕೊಟ್ಟು ಉಣ್ಣದೆ ಹಿಂದಿರುಗುತ್ತಾರೆ. ಆರ್ಯಿಕೆ ಸರ್ವಶ್ರೀ, ಶ್ರಾವಕ ಅಗ್ನಿಲ, ಶ್ರಾವಿಕೆ ಪಂಗುಶ್ರೀ ಇವರೊಡನೆ ಸನ್ಯಾಸವಿಧಿಯಿಂದ ದೇಹ ತ್ಯಜಿಸುತ್ತಾರೆ. ಅಂದಿನ ಸೂರ್ಯಾಸ್ತಕ್ಕೆ ಲೋಕದಲ್ಲಿ ಬೆಂಕಿಯೂ ಇಲ್ಲವಾಗುತ್ತದೆ.

ಕಲ್ಕಿಗಳ ವೃತ್ತಾಂತ ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲೂ ಬರುತ್ತದೆ. ಆ ಗ್ರಂಥ ಶಕ 820ರಲ್ಲಿ ಪೂಜೆಗೊಂಡದ್ದು ಬಂಕಾಪುರದಲ್ಲಿ. ಚಿಕ್ಕೇರೂರು ಇರುವ ಹಾವೇರಿ ಜಿಲ್ಲೆಯಲ್ಲೇ ಇರುವ ಈ ಊರಿನ ಪರಿಸರದವರಿಗೆ ಆ ಕಥೆ ದೂರದ್ದಲ್ಲ.

ಸ್ಟ್ರಾಸ್‌ರ ಕಚೇರಿ ಅಂತ್ಯವನ್ನು ಗುಟ್ಟಾಗಿ ನಿಭಾಯಿಸುತ್ತದೆ. ಹೊರಗಿನವರು ನಿಶ್ಚಿಂತರಾಗಿ ಮಲಗುತ್ತಾರೆ. ವೀರಾಂಗಜರ ಕಥೆಯಲ್ಲಿ ಅಂತ್ಯವನ್ನು ಯಾರೂ ತಡೆಯುವುದಿಲ್ಲ. ನಾಲ್ವರೂ ಎಚ್ಚರದಿಂದ ತಮ್ಮ ತಮ್ಮ ವ್ರತ ಕಾಯುತ್ತಾರೆ. ಟ್ರಸ್ಟಿನ ಸಭೆಯಲ್ಲಿ ಜೀವದಯೆಯ ಬಾಬ್ತು ಖರ್ಚು ಬರೆದು ಠರಾವು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಆ ಹಣದಿಂದ ಉಳಿದ ಜೀವ ಯಾವುದು ಎಂದು ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಿದರೆ, ಕಾಂಕ್ರೀಟ್ ಹಸುವಿನ ಕಥೆಗೆ ನಕ್ಕದ್ದು ವ್ಯರ್ಥವಾಗಲಾರದು.