ಹತ್ತೊಂಬತ್ತರ ಹಿರಿಮೆ

ಕ್ರೀಡಾಲೋಕದ ದಾಖಲೆಗಳೆಲ್ಲವೂ ಒಂದಲ್ಲ ಒಂದು ದಿನ ಮುರಿಯತಕ್ಕವೇ ಎಂದು ನಂಬುವವರೂ, 1956ರ ಜುಲೈ ತಿಂಗಳಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಆಸ್ಟ್ರೇಲಿಯಾದ ವಿರುದ್ಧ ಸಾಧಿಸಿದುದನ್ನು ನೆನೆದಾಗ ತಮ್ಮ ನಂಬಿಕೆಯನ್ನು ಕೊಂಚ ಸಡಿಲಿಸಬೇಕಾದೀತು. ಮೊದಲ ಇನ್ನಿಂಗ್ಸಿನಲ್ಲಿ 37 ರನ್ನಿಗೆ 9, ಎರಡನೆಯದರಲ್ಲಿ 53 ರನ್ನಿಗೆ 10. ಹೀಗೆ ಪಂದ್ಯದಲ್ಲಿ ಉರುಳಬಹುದಾದ 20 ವಿಕೆಟ್ಟುಗಳಲ್ಲಿ 19 ಒಬ್ಬನ ಪಾಲಾದವು.

ಪಿಚ್ಚು ಸ್ಪಿನ್ನಿಗೆ ಅನುಕೂಲವಾಗಿತ್ತೆಂಬುದು ನಿಜ; ಆದರೆ ಅದೇ ಪಿಚ್ಚಿನ ಮೇಲೆ 69 ಓವರು ದುಡಿದ ಟೋನಿ ಲಾಕ್‌ನಂತಹ ನುರಿತ ಸ್ಪಿನ್ನರನಿಗೆ ದಕ್ಕಿದುದು ಒಂದೇ ವಿಕೆಟ್ಟೆಂಬುದನ್ನು ಪರ್ಯಾಲೋಚಿಸಿದರೆ ಲೇಕರನ ಕೌಶಲದ ಪ್ರಮಾಣ ತಾನೇ ವಿದಿತವಾಗುತ್ತದೆ. ನಿರುದ್ವೇಗವಾದ ಕೆಲವೇ ಹೆಜ್ಜೆಗಳ ಓಟ, ತೋರುಬೆರಳಿನ ಬಲದಿಂದ ಗಿರ್ರೆನ್ನುವ ಚೆಂಡು, ಅಳತೆ ತಪ್ಪದ ನೆಲೆ! ಎಡಗೈ ದಾಂಡಿಗ ನೀಲ್ ಹಾರ್ವೆಗೆ ಮೊದಲ ಇನ್ನಿಂಗ್ಸಿನಲ್ಲಿ ಎಸೆದ ಚೆಂಡು ಲೆಗ್ ಸ್ಟಂಪಿನ ನೇರಕ್ಕೆ ಬಿದ್ದು, ಬ್ಯಾಟನ್ನು ವಂಚಿಸಿ, ಆಫ್ ಸ್ಟಂಪಿಗೆ ಬಡಿಯಿತು.

ಬೆಂಗಳೂರಿನ ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿಯೂ, ನ್ಯೂಜಿಲೆಂಡಿನ ಏಜಾಜ್ ಪಟೇಲ್ 2021ರಲ್ಲಿ ಮುಂಬಯಿಯಲ್ಲಿಯೂ ಇನ್ನಿಂಗ್ಸೊಂದರ ಹತ್ತೂ ವಿಕೆಟ್ಟುಗಳನ್ನು ಪಡೆದು ಲೇಕರನಿಗೆ ಸರಿಸಮರಾದರಾದರೂ, ಪಂದ್ಯದ ಒಟ್ಟು ಲೆಕ್ಕದಲ್ಲಿ ಇಬ್ಬರೂ 14ರಲ್ಲಿಯೇ ನಿಂತರು. ಲೇಕರನನ್ನು ಮೀರಬೇಕಾದವನು ಇಪ್ಪತ್ತನ್ನೂ ತಾನೇ ಪಡೆಯಬೇಕು. ಜೊತೆಗಾರರಿಗೆ ಒಂದೂ ಸಿಗಕೂಡದು, ಒಬ್ಬನೂ ರನೌಟ್ ಆಗಕೂಡದು. ಅದು ಅಸಂಭವವೆಂದು ಆಣೆಯಿಡಲಾರೆ. ಸಂಭವಿಸುವುದೆಂದು ಪಣವೊಡ್ಡುವ ಧೈರ್ಯವೂ ನನಗಿಲ್ಲ.